ಹಿತ್ತಲಲ್ಲಿ ತುಕ್ಕು ಹಿಡಿದ ಜಾವಾ: ಗುಜರಿಗೆ ಹಾಕುವ ಮುನ್ನ

ನಿಮ್ಮ ಮನೆಯ ಹಿತ್ತಲಲ್ಲೋ ಮೆಟ್ಟಿಲ ಕೆಳಗೋ ಹಳೆಯ ಮೋಟಾರ್ ಸೈಕಲ್ಲೊಂದು ನಿಂತಿದೆಯೇ? ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಉದಯಗಿರಿ ಕಡೆ ಕೇಳಿದರೆ 'ಹೌದು' ಎನ್ನುವವರು ಸಿಕ್ಕೇ ಸಿಗುತ್ತಾರೆ. ಸೀಟಿನ ರೆಕ್ಸಿನ್ ಹರಿದಿರುತ್ತದೆ, ಟಯರು ನೆಲಕ್ಕೆ ಅಂಟಿರುತ್ತದೆ, ಹ್ಯಾಂಡಲಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿರುತ್ತದೆ. ಗುಜರಿಯವನು ಬೀದಿಯಲ್ಲಿ ಕೂಗುತ್ತಾ ಬಂದಾಗಲೆಲ್ಲ ಒಬ್ಬರು 'ಕೊಟ್ಟುಬಿಡೋಣ' ಎನ್ನುತ್ತಾರೆ. ಇನ್ನೊಬ್ಬರು 'ಅದು ಅಬ್ಬಾ ಓಡಿಸ್ತಿದ್ದ ಗಾಡಿ' ಎಂದು ಮುಖ ತಿರುಗಿಸುತ್ತಾರೆ.

ಆ ಗಾಡಿ ಜಾವಾ ಅಥವಾ ಯೆಜ್ಡಿಯಾಗಿದ್ದರೆ ಆತುರಪಡಬೇಡಿ. ಅದು ನಮ್ಮ ಊರಿನಲ್ಲೇ ಹುಟ್ಟಿದ ಗಾಡಿ. 1960ರಲ್ಲಿ ಫಾರೂಖ್ ಇರಾನಿಯವರು ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿ, ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಮಾದರಿಯ ಬೈಕುಗಳನ್ನು ತಯಾರಿಸತೊಡಗಿದರು. 1973ರಿಂದ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಸಂಬಳದಲ್ಲಿ ಮಕ್ಕಳನ್ನು ಓದಿಸಿದ, ಮದುವೆ ಮಾಡಿದ ಮನೆಗಳು ಈ ಊರಿನಲ್ಲಿವೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಗೇರ್ ಹಾಕುವ ಲಿವರನ್ನೇ ಮೇಲೆತ್ತಿ ಕಿಕ್ ಹೊಡೆಯುವ ಚಾತುರ್ಯ, ದೂರದಿಂದಲೇ ಗುರುತು ಸಿಗುವ ಸದ್ದು. ಆ ಸದ್ದು ಕೇಳಿ ಒಲೆಯ ಮೇಲೆ ಚಹಾ ಇಟ್ಟ ಅಮ್ಮಂದಿರು ಈಗ ಅಜ್ಜಿಯರು.

ಹಳೆಯ ಕಾರುಗಳಿಗೆ, ಅದರಲ್ಲೂ ಮೇಲ್ಹೊದಿಕೆ ಮಡಚುವ ತೆರೆದ ಕಾರುಗಳಿಗೆ ಮನೆಯಲ್ಲೇ ಮರುಜೀವ ಕೊಡುವ ಹವ್ಯಾಸಿಗಳೂ ಇದ್ದಾರೆ. ಅದಕ್ಕೆ ದೊಡ್ಡ ಶೆಡ್ ಬೇಕು, ದೊಡ್ಡ ಜೇಬೂ ಬೇಕು. ತೆರೆದ ಕಾರಿನಲ್ಲಂತೂ ಮಳೆನೀರು ಒಳಗಿಳಿದು ನೆಲದ ತಗಡನ್ನೇ ತಿಂದಿರುತ್ತದೆ. ಅಂಥ ಹಳೆಯ ಕಾರುಗಳನ್ನು ಕಣ್ತುಂಬ ನೋಡಬೇಕಿದ್ದರೆ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ 'ಪಯಣ' ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ನಮ್ಮ ನಿಮ್ಮ ಅಂಗಳದಲ್ಲಿ ಹಿಡಿಸುವುದು ಬೈಕೇ.

ಸ್ಪ್ಯಾನರ್ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಾಡಿ ಯಾರದು? ಆರ್‌.ಸಿ. ಪುಸ್ತಕ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ, ಅದು ಹಿರಿಯ ಮಗನಿಗೋ ಗಾಡಿ ಓಡಿಸಲು ಬರುವ ಮಗನಿಗೋ ತಾನಾಗಿ ಸೇರುವುದಿಲ್ಲ. ಮನೆ, ಜಮೀನಿನಂತೆ ಅದೂ ಉತ್ತರಾಧಿಕಾರದ ಸೊತ್ತು. ಮಕ್ಕಳಿರುವ ವಿಧವೆಗೆ ಅದರಲ್ಲಿ ಎಂಟನೆಯ ಒಂದು ಪಾಲಿದೆ, ಹೆಣ್ಣುಮಕ್ಕಳಿಗೂ ಪಾಲಿದೆ. 'ತುಕ್ಕು ಹಿಡಿದ ಕಬ್ಬಿಣಕ್ಕೆ ಎಂಥ ಪಾಲು' ಎಂದು ನಗಬೇಡಿ. ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ಗಾಡಿ, ದುರಸ್ತಿಯಾಗಿ ನಿಂತಾಗ ಒಳ್ಳೆಯ ಬೆಲೆಯದಾಗುತ್ತದೆ. ಅಣ್ಣ ತನ್ನ ದುಡ್ಡು ಸುರಿದು ಸಿದ್ಧಪಡಿಸಿದ ಮೇಲೆ ತಂಗಿ ಪಾಲು ಕೇಳಿದರೆ ಇಬ್ಬರಿಗೂ ನೋವು. ಆದ್ದರಿಂದ ಗಾಡಿ ತುಕ್ಕು ಹಿಡಿದು ನಿಂತಿರುವಾಗಲೇ ಅದಕ್ಕೊಂದು ಬೆಲೆ ಕಟ್ಟಿ. ಯಾರು ಇಟ್ಟುಕೊಳ್ಳುತ್ತಾರೆ, ಉಳಿದವರಿಗೆ ಏನು ಕೊಡುತ್ತಾರೆ, ಖರ್ಚು ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಈ ಮಾತನ್ನು ಮನೆಯ ಹೆಂಗಸರೇ ಎತ್ತಬೇಕಾಗುತ್ತದೆ, ಗಂಡಸರು ಸಾಮಾನ್ಯವಾಗಿ ಎತ್ತುವುದಿಲ್ಲ.

ಆಮೇಲೆ ಕಾಗದಪತ್ರ. ವಾರಸುದಾರರ ಹೆಸರಿಗೆ ವರ್ಗಾಯಿಸಲು ಆರ್‌.ಟಿ.ಒ. ಕಚೇರಿಯಲ್ಲಿ ಫಾರಂ 31 ಇದೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಕಚೇರಿಗೆ ತಿಳಿಸಬೇಕೆಂಬುದು ನಿಯಮ. ವರ್ಷಗಟ್ಟಲೆ ಬಿಟ್ಟವರು ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಹಿಡಿದು ಹೋಗಿ ವಿಚಾರಿಸುವುದು ಒಳ್ಳೆಯದು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರಿಂದ 'ವಿಂಟೇಜ್' ನೋಂದಣಿಯ ಅವಕಾಶವಿದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಎಂದು ನಿಗದಿಯಾಯಿತು. ಈಗಾಗಲೇ ನೋಂದಣಿಯಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂ.ವೈ.' ನಂಬರ್ ಇದ್ದವರಿಗೆ ಇದು ಸಂತೋಷದ ಸುದ್ದಿ. ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕಷ್ಟೇ ಅನುಮತಿ. ಮಗ ಅದರಲ್ಲೇ ಕೆಲಸಕ್ಕೆ ಹೋಗಬೇಕೆಂದಿದ್ದರೆ ಸಾಮಾನ್ಯ ನೋಂದಣಿಯೇ ಸರಿ.

ಕಾಗದದಲ್ಲಿರುವ ಚಾಸಿಸ್ ನಂಬರ್ ಗಾಡಿಯ ಮೇಲಿನ ನಂಬರಿಗೆ ಹೊಂದುತ್ತದೆಯೇ ನೋಡಿ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಆ ಜಾಗವನ್ನು ಗ್ರೈಂಡರಿನಿಂದ ಉಜ್ಜಲು ಯಾರಿಗೂ ಬಿಡಬೇಡಿ. ತುಕ್ಕಿನೊಂದಿಗೆ ನಂಬರೂ ಅಳಿದರೆ ಗಾಡಿಯ ಗುರುತೇ ಹೋದಂತೆ.

ಇನ್ನು ತುಕ್ಕು. ಕಬ್ಬಿಣಕ್ಕೆ ಗಾಳಿ ಮತ್ತು ತೇವ ಸೇರಿದರೆ ತುಕ್ಕು. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಹೀಗಾಗಿ ತುಕ್ಕಿನ ಮೇಲೆ ಹೊಡೆದ ಬಣ್ಣ ಒಂದೆರಡು ಮಳೆಗಾಲ ಕಂಡರೆ ಹೆಚ್ಚು. 'ಎರಡು ದಿನದಲ್ಲಿ ಹೊಸದು ಮಾಡಿಕೊಡ್ತೀನಿ' ಎನ್ನುವವರು ಮಾಡುವುದು ಬಹುಪಾಲು ಇದನ್ನೇ. ಬಣ್ಣ ಕೊನೆಯ ಕೆಲಸ. ಮೊದಲು ಎಂಜಿನ್, ಆಮೇಲೆ ಟಿಂಕರಿಂಗ್, ಪ್ರೈಮರ್, ಕೊನೆಗೆ ಬಣ್ಣ. ಮೂಲ ಬಣ್ಣ ಅಲ್ಲಲ್ಲಿ ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡುವುದೇ ಚೆಂದ ಎಂಬುದು ನನ್ನ ಅಭಿಪ್ರಾಯ. ಮಂಡಿ ತಾಗಿ ಸವೆದ ಟ್ಯಾಂಕಿನ ಬದಿ ಯಾವ ಪೇಂಟಿನ ಅಂಗಡಿಯಲ್ಲೂ ಸಿಗುವುದಿಲ್ಲ.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ಅಡುಗೆಮನೆಯ ವಿದ್ಯೆಯೇ ಸಾಕು. ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ಬೆಳಗಿದ ಕೈಗೆ ಇದು ಹೊಸದಲ್ಲ. ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ತೊಳೆದು, ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಒಂದು ದಿನ ಬಿಡಿ. ಹಿಡಿಯಷ್ಟು ಸಣ್ಣ ನಟ್ಟುಗಳನ್ನು ಹಾಕಿ ಅಲುಗಾಡಿಸಿದರೆ ಅಂಟಿಕೊಂಡದ್ದೂ ಉದುರುತ್ತದೆ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕೂಡಲೇ ಒಳಗೆ ಎಣ್ಣೆ ಹರಿಸಿ. ತಡಮಾಡಿದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಗಾಗುತ್ತದೆ.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಅದರಲ್ಲಿ ತುಂಬಿರುವುದು ಪೆಟ್ರೋಲಿನ ಆವಿ. ಒಲೆಯಿರುವ ಕಡೆ ಟ್ಯಾಂಕ್ ತರಬೇಡಿ, ಆವಿ ಪೂರ್ತಿ ಹೋಗದೆ ವೆಲ್ಡಿಂಗಿಗೆ ಕೊಡಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ನೀರು ಹಾಕಿಯೇ ಉಜ್ಜಬೇಕು, ಆ ಹೊತ್ತಿನಲ್ಲಿ ಪುಟ್ಟ ಮಕ್ಕಳು ಅಂಗಳದಲ್ಲಿರಕೂಡದು.

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆಯಿರಿ. ನಟ್ಟು ಬೋಲ್ಟುಗಳನ್ನು ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ಗಾಡಿಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ದುಡ್ಡಿಲ್ಲದೆ ಅಲ್ಲ, ಯಾವ ಬೋಲ್ಟು ಎಲ್ಲಿಯದೆಂದು ಮರೆತು. ಎಂಜಿನ್ ಜಾಮ್ ಆಗಿದ್ದರೆ ಕಿಕ್ ಮೇಲೆ ನಿಂತು ತುಳಿಯಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಎಣ್ಣೆ ಹಾಕಿ, ನಾಲ್ಕಾರು ದಿನ ಕಾಯಿರಿ. ಬೋರಿಂಗ್, ಕ್ರ್ಯಾಂಕ್ ಕೆಲಸಗಳು ಲೇತ್ ಶಾಪಿಗೆ ಹೋಗಲಿ. ಜಾವಾ ಬಿಚ್ಚಿ ಕಟ್ಟಿ ಪಳಗಿದ ಹಿರಿಯ ಮಿಸ್ತ್ರಿ ನಿಮ್ಮ ಮೊಹಲ್ಲಾದಲ್ಲಿದ್ದರೆ ಅವರನ್ನು ಒಂದು ಸಂಜೆ ಚಹಾಕ್ಕೆ ಕರೆಯಿರಿ. ಕೆಲಸ ಅವರು ಮಾಡದಿದ್ದರೂ ಕಿವಿಯಿಂದಲೇ ದೋಷ ಹೇಳಬಲ್ಲರು. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಆಚರಿಸುವ ಜಾವಾ-ಯೆಜ್ಡಿ ದಿನಕ್ಕೆ ಮಗನನ್ನು ಕಳುಹಿಸಿದರೆ, ಸಾಮಾನು ಎಲ್ಲಿ ಸಿಗುತ್ತದೆಂಬ ವಿಳಾಸಗಳೊಂದಿಗೆ ಮನೆಗೆ ಬರುತ್ತಾನೆ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೈಪು, ವಾಷರುಗಳನ್ನು ಬದಲಾಯಿಸಿ, ಓಡಿಸದ ತಿಂಗಳುಗಳಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಇದು ಟೂ ಸ್ಟ್ರೋಕ್ ಎಂಜಿನ್. ಲೀಟರಿಗೆ 30ರಿಂದ 40 ಮಿಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು, ಮರೆತರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಮೊದಲ ಸಲ ಚಾಲೂ ಆದಾಗ ಒಳಗೆ ಹಾಕಿದ ಎಣ್ಣೆಯೆಲ್ಲ ಉರಿದು ಅಂಗಳ ತುಂಬ ಬಿಳಿ ಹೊಗೆ ಏಳುತ್ತದೆ. ಅಂದು ಒಣಗಲು ಹಾಕಿದ ಬಟ್ಟೆಗಳನ್ನು ಮೊದಲೇ ತೆಗೆದುಬಿಡಿ, ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ.