ಕ್ರ್ಯಾಶ್ ಆಗಿದ್ದು ಗೇಮ್, ಕೆಟ್ಟಿದ್ದು ಯಾವುದು?

ಹೊಸ ಪ್ರೊಸೆಸರ್, ಹೊಸ ರ‍್ಯಾಮ್, ದುಬಾರಿ ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಹಾಕಿಸಿಕೊಂಡು ಬಂದ ಕಂಪ್ಯೂಟರಿನಲ್ಲಿ ಬ್ರೌಸರ್, ಸಿನಿಮಾ, ಎಕ್ಸೆಲ್ ಚೆನ್ನಾಗಿಯೇ ನಡೆಯುತ್ತವೆ. ಗೇಮ್ ತೆರೆದರೆ ಮಾತ್ರ ಸ್ವಲ್ಪ ಹೊತ್ತಿಗೆ ಪರದೆ ಅಲ್ಲಾಡದೆ ನಿಂತು, ಆಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗ ಬಹುಪಾಲು ಜನ ಗೇಮನ್ನು ಅಳಿಸಿ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಅಂಗಡಿಗೆ ಒಯ್ದರೆ ವಿಂಡೋಸನ್ನೇ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ಎಷ್ಟೋ ಸಲ ಎರಡರಿಂದಲೂ ಪ್ರಯೋಜನವಾಗುವುದಿಲ್ಲ. ದೋಷ ಎಲ್ಲಿ ಬಯಲಾಯಿತು ಎಂಬುದನ್ನಷ್ಟೇ ಪರದೆಯ ಸಂದೇಶ ಹೇಳುತ್ತದೆ. ಅದು ಎಲ್ಲಿ ಹುಟ್ಟಿತು ಎಂಬುದನ್ನು ನಾವೇ ಹುಡುಕಬೇಕು.

ಇಂಟೆಲ್ ಕಂಪನಿಯ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲನೆಯವು 2022ರ ಅಕ್ಟೋಬರ್‌ನಲ್ಲಿ, ಎರಡನೆಯವು 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದವು. ಐ9-13900ಕೆ, ಐ9-14900ಕೆಯಂಥ ಮೇಲ್ದರ್ಜೆಯ ಚಿಪ್ ಕೊಂಡ ಕೆಲವರಿಗೆ ಅನ್‌ರಿಯಲ್ ಎಂಜಿನ್ ಬಳಸುವ ಆಟಗಳಲ್ಲಿ ಒಂದೇ ಸಂದೇಶ ಮತ್ತೆ ಮತ್ತೆ ಕಾಣಿಸತೊಡಗಿತು: ವಿಡಿಯೊ ಮೆಮೊರಿ ಸಾಲದು. ಗ್ರಾಫಿಕ್ಸ್ ಕಾರ್ಡಿನಲ್ಲಿ 24 ಜಿಬಿ ಮೆಮೊರಿ ಇದ್ದವರಿಗೂ ಅದೇ ಸಂದೇಶ. ಇದನ್ನು ಓದಿದ ಯಾರೇ ಆಗಲಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಪಡುವುದು ಸಹಜ. ಆದರೆ ಕಾರ್ಡ್ ಸರಿಯಾಗಿಯೇ ಇತ್ತು.

ಇಂದಿನ ಆಟಗಳ ದತ್ತಾಂಶ ಡಿಸ್ಕಿನಲ್ಲಿ ಕುಗ್ಗಿಸಿದ ರೂಪದಲ್ಲಿರುತ್ತದೆ. ಆಟ ಶುರುವಾಗುವಾಗ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿದು ಅದನ್ನು ಬಿಡಿಸುತ್ತವೆ. ಈ ಕೆಲಸದಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಫಲವನ್ನು ಅವಲಂಬಿಸಿದೆ. ಲೆಕ್ಕದ ಮೊದಲ ಸಾಲಿನಲ್ಲಿ ಒಂದು ಅಂಕಿ ತಪ್ಪಿದರೆ ಕೆಳಗಿನ ಸಾಲುಗಳೆಲ್ಲ ತಪ್ಪುವ ಹಾಗೆ, ಒಂದೇ ಒಂದು ಬಿಟ್ ತಿರುಗಿದರೂ ಮುಂದಿನದೆಲ್ಲ ಕೆಡುತ್ತದೆ. ಅನೇಕ ಆಟಗಳಲ್ಲಿ ಈ ಕೆಲಸ ಮಾಡುವುದು ಊಡಲ್ ಎಂಬ ತಂತ್ರಾಂಶ. ತಾನು ಬಿಡಿಸಿದ್ದು ಸರಿಯಿದೆಯೇ ಎಂದು ಅದು ಪರೀಕ್ಷಿಸುತ್ತದೆ, ಸರಿಯಿಲ್ಲದಿದ್ದರೆ ಕೈಚೆಲ್ಲುತ್ತದೆ. ಬೇಕಾದ ದತ್ತಾಂಶ ಕೈಗೆ ಸಿಗದ ಆಟ ತನಗೆ ತೋಚಿದ ಕಾರಣವನ್ನು ಪರದೆಯ ಮೇಲೆ ಬರೆಯುತ್ತದೆ. ಊಡಲ್ ರೂಪಿಸಿದ ರ‍್ಯಾಡ್ ಗೇಮ್ ಟೂಲ್ಸ್ ಸಂಸ್ಥೆ ದೋಷ ತನ್ನ ತಂತ್ರಾಂಶದ್ದಲ್ಲ, ಪ್ರೊಸೆಸರಿನದು ಎಂದು ಬಹಿರಂಗವಾಗಿಯೇ ವಿವರಿಸಿತು. ಜೊತೆಗೆ ಒಂದು ಸರಳ ಪರೀಕ್ಷೆಯನ್ನೂ ಸೂಚಿಸಿತು: ಕೋರ್‌ಗಳ ವೇಗವನ್ನು 5.5ರಿಂದ 5.3 ಗಿಗಾಹರ್ಟ್ಸ್‌ಗೆ ಇಳಿಸಿ ನೋಡಿ. ಅಷ್ಟು ಮಾಡಿದ್ದಕ್ಕೇ ಹಲವರ ಆಟಗಳು ಕುಸಿಯದೆ ನಡೆದವು.

ಅಷ್ಟು ಸಣ್ಣ ಇಳಿಕೆಯಿಂದ ಏನು ಬದಲಾಗುತ್ತದೆ? 5.5 ಗಿಗಾಹರ್ಟ್ಸ್‌ನಲ್ಲಿ ಪ್ರೊಸೆಸರಿನ ಒಳ ಗಡಿಯಾರದ ಒಂದು ಮಿಡಿತಕ್ಕೆ ಸಿಗುವ ಸಮಯ ಸುಮಾರು 0.18 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಐದೂವರೆ ಸೆಂಟಿಮೀಟರ್ ದಾಟುವುದಿಲ್ಲ. ಸಾಲುಗಟ್ಟಿದ ಟ್ರಾನ್ಸಿಸ್ಟರ್‌ಗಳೆಲ್ಲ ಆ ಅವಧಿಯೊಳಗೆ ತಮ್ಮ ಸ್ಥಿತಿ ಬದಲಿಸಿ ಮುಗಿಸಬೇಕು. ವೋಲ್ಟೇಜ್ ಹೆಚ್ಚಿದ್ದರೆ ಅವು ಬೇಗ ಬದಲಾಗುತ್ತವೆ, ಕಡಿಮೆಯಾದರೆ ತಡವಾಗುತ್ತದೆ. ಹಾಗಾಗಿ ಪ್ರತಿ ವೇಗಕ್ಕೂ ಇಷ್ಟಕ್ಕಿಂತ ಕಡಿಮೆಯಾದರೆ ನಡೆಯದು ಎಂಬ ಕನಿಷ್ಠ ವೋಲ್ಟೇಜ್ ಒಂದಿರುತ್ತದೆ. ಹೆಚ್ಚು ವೋಲ್ಟೇಜ್ ಮತ್ತು ಹೆಚ್ಚು ಬಿಸಿಯಲ್ಲಿ ದೀರ್ಘಕಾಲ ದುಡಿದ ಟ್ರಾನ್ಸಿಸ್ಟರ್ ಸವೆಯುತ್ತದೆ: ಅದರ ತೆಳು ನಿರೋಧಕ ಪದರದಲ್ಲಿ ವಿದ್ಯುದಂಶ ಸಿಕ್ಕಿಕೊಂಡು ಅದು ನಿಧಾನವಾಗುತ್ತದೆ. ನಿನ್ನೆ ಸಾಕಾಗುತ್ತಿದ್ದ ವೋಲ್ಟೇಜ್ ಇಂದು ಸಾಲುವುದಿಲ್ಲ. ವೇಗ ತುಸು ಇಳಿಸಿದರೆ ಅದಕ್ಕೆ ಬೇಕಾದ ಸಮಯ ಸಿಗುತ್ತದೆ.

ಇಲ್ಲಿ ಆದದ್ದೂ ಈ ಬಗೆಯ ಸವೆತವೇ. ಚಿಪ್‌ನೊಳಗಿನ ಮೈಕ್ರೊಕೋಡ್ ಎಂಬ ಮೂಲ ಸೂಚನೆಗಳ ತಂತ್ರಾಂಶ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಕೆಲವು ಮದರ್‌ಬೋರ್ಡ್‌ಗಳೂ ಇಂಟೆಲ್ ಹೇಳಿದ ಮಿತಿ ಮೀರಿ ವಿದ್ಯುತ್ ಹರಿಸುತ್ತಿದ್ದವು. ಕೋರ್‌ನೊಳಗೆ ಗಡಿಯಾರದ ಮಿಡಿತವನ್ನು ಹಂಚುವ ಮಂಡಲ ಈ ಸವೆತಕ್ಕೆ ಹೆಚ್ಚು ತುತ್ತಾಗುತ್ತಿತ್ತು ಎಂದು 2024ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ತಿಳಿಸಿತು. ಅದಕ್ಕೂ ಮೊದಲು, ಆಗಸ್ಟ್‌ನಲ್ಲಿ, ವೋಲ್ಟೇಜ್ ಬೇಡಿಕೆ 1.55 ವೋಲ್ಟ್ ಮೀರದಂತೆ ತಡೆಯುವ ಹೊಸ ಮೈಕ್ರೊಕೋಡ್, ಬಯಾಸ್ ಅಪ್‌ಡೇಟ್ ಮೂಲಕ ಬಂದಿತ್ತು. ಆದರೆ ಸವೆದ ಚಿಪ್ಪನ್ನು ಯಾವ ಅಪ್‌ಡೇಟೂ ಸರಿಮಾಡಲಾರದು. ಅದಕ್ಕಾಗಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ತಮ್ಮದಲ್ಲದ ತಪ್ಪಿಗೆ ಅಷ್ಟೊಂದು ಜನ ತಿಂಗಳುಗಟ್ಟಲೆ ತಮ್ಮ ಕಂಪ್ಯೂಟರಿನೊಡನೆ ಹೆಣಗಾಡಿದರು ಎಂಬುದು ನನಗೆ ನೋವಿನ ಸಂಗತಿ.

ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಪ್ರೊಸೆಸರ್ ಇರಬಹುದು. ಆದರೂ ಹುಡುಕುವ ದಾರಿ ಇದೇ. ಒಂದೇ ಆಟ, ಒಂದೇ ಜಾಗದಲ್ಲಿ, ಒಂದೇ ರೀತಿ ಕುಸಿದರೆ ಅನುಮಾನ ಮೊದಲು ತಂತ್ರಾಂಶದ ಮೇಲಿರಲಿ. ಹಲವು ಆಟಗಳು ಹಲವು ಕಡೆ, ಪ್ರತಿ ಸಲ ಬೇರೆ ಬೇರೆ ಸಂದೇಶ ಕೊಟ್ಟು ಕುಸಿದರೆ ಯಂತ್ರಾಂಶವನ್ನೇ ನೋಡಬೇಕು. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ದಿನವಾರು ಏನೇನು ಕುಸಿಯಿತು ಎಂದು ತೋರಿಸುತ್ತದೆ. ಅಪ್‌ಗ್ರೇಡ್ ಆದ ದಿನದಿಂದಲೇ ಕೆಂಪು ಗುರುತುಗಳು ಶುರುವಾಗಿವೆಯೇ ಎಂದು ಅಲ್ಲಿ ನೋಡಿ.

ಯಂತ್ರಾಂಶದಲ್ಲಿ ನನ್ನ ಮೊದಲ ಅನುಮಾನ ಸಾಮಾನ್ಯವಾಗಿ ರ‍್ಯಾಮ್ ಮೇಲೆ. ಡಬ್ಬಿಯ ಮೇಲೆ ವೇಗ 6000 ಎಂದು ಬರೆದಿರುವುದು ರ‍್ಯಾಮ್ ತಯಾರಕರ ಭರವಸೆ, ಪ್ರೊಸೆಸರ್ ತಯಾರಕರದ್ದಲ್ಲ. ಎಎಂಡಿಯ ರೈಜನ್ 7000 ಸರಣಿಯಲ್ಲಿ ಎರಡು ಡಿಡಿಆರ್5 ಸ್ಟಿಕ್‌ಗಳಿಗೆ ಅಧಿಕೃತ ವೇಗ 5200. ನಾಲ್ಕು ಸ್ಟಿಕ್ ಹಾಕಿದರೆ ಅದು 3600ಕ್ಕೆ ಇಳಿಯುತ್ತದೆ. ಇದ್ದ ಎರಡರ ಜೊತೆಗೆ ಇನ್ನೆರಡು ಸೇರಿಸಿ ಹಳೆಯ ವೇಗದಲ್ಲೇ ಓಡಿಸಿದರೆ ತೊಂದರೆ ಬರಬಹುದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ, ಮೆಮೊರಿಯನ್ನು ಡಬ್ಬಿಯ ಮೇಲಿನ ವೇಗದಲ್ಲಿ ಓಡಿಸುವ ಸೆಟ್ಟಿಂಗನ್ನು ಆಫ್ ಮಾಡಿ ಆಡಿ ನೋಡಿ. ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಬಂದರೂ ಆ ರ‍್ಯಾಮ್ ಅಥವಾ ಆ ವೇಗವನ್ನು ನಂಬಬೇಡಿ. ಸಿನಿಮಾ ನೋಡುವಾಗ ಒಂದು ಬಿಟ್ ತಪ್ಪಿದರೆ ಎಲ್ಲೋ ಒಂದು ಚುಕ್ಕೆಯ ಬಣ್ಣ ಬದಲಾಗಬಹುದು, ಕಣ್ಣಿಗೂ ಬೀಳುವುದಿಲ್ಲ. ಆಟದಲ್ಲಿ ಅದೇ ಬಿಟ್ ಒಂದು ವಿಳಾಸದ ಭಾಗವಾಗಿದ್ದರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕುತ್ತದೆ, ವಿಂಡೋಸ್ ಅದನ್ನು ತಕ್ಷಣ ನಿಲ್ಲಿಸುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬದಲಿಸಿದವರು, ಅದರಲ್ಲೂ ಎಎಂಡಿಯಿಂದ ಎನ್‌ವಿಡಿಯಾಗೆ ಹೋದವರು, ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರ್ ಪೂರ್ತಿ ತೆಗೆದು ಹೊಸದನ್ನು ಹಾಕಿಕೊಳ್ಳಲಿ. ಇದಕ್ಕೆ ಡಿಡಿಯು ಎಂಬ ಸಣ್ಣ ಪ್ರೋಗ್ರಾಂ ಇದೆ.

ಆಟದ ನಡುವೆ ನೀಲಿ ಪರದೆಯೂ ಇಲ್ಲದೆ ಇಡೀ ಕಂಪ್ಯೂಟರ್ ಥಟ್ಟನೆ ಆರಿಹೋದರೆ ಮಾತ್ರ ಮೊದಲು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ನೋಡಬೇಕು. ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬುದನ್ನು ಕಂಡ ಕೂಡಲೇ ಹೊಸ ಎಸ್‌ಎಂಪಿಎಸ್ ಕೊಳ್ಳಲು ಹೊರಡಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೂ ಅನುಮಾನಕ್ಕೆ ಕಾರಣವಿದೆ. 350 ವಾಟ್‌ನ ಕಾರ್ಡ್ ಎಂದರೆ 350 ಅದರ ಸರಾಸರಿ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು ಅದು ಅದಕ್ಕಿಂತ ಬಹಳ ಹೆಚ್ಚು ಎಳೆಯಬಲ್ಲದು, ಹಳೆಯ ಎಸ್‌ಎಂಪಿಎಸ್ ಆ ಸೆಳೆತವನ್ನು ಅಪಾಯವೆಂದು ಬಗೆದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇದಕ್ಕೆಂದೇ 100 ಮೈಕ್ರೊಸೆಕೆಂಡ್‌ವರೆಗೆ ಎರಡುಪಟ್ಟು ಹೊರೆ ತಾಳಬೇಕು ಎಂದು ವಿಧಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವರು ಕಾರ್ಡಿಗೆ ಕೊಡುವಷ್ಟು ಗಮನವನ್ನು ಇದಕ್ಕೂ ಕೊಡಲಿ. ಕಾರ್ಡಿನ ಎರಡು ಸಾಕೆಟ್‌ಗಳಿಗೆ ಒಂದೇ ಕೇಬಲ್ಲಿನ ಎರಡು ತುದಿ ಸಿಕ್ಕಿಸಿದ್ದರೆ, ಎರಡು ಪ್ರತ್ಯೇಕ ಕೇಬಲ್ ಹಾಕಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಏನೇ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಯಾಸ್, ಡ್ರೈವರ್, ರ‍್ಯಾಮ್ ಮೂರನ್ನೂ ಒಂದೇ ಸಂಜೆ ಬದಲಿಸಿ ಕ್ರ್ಯಾಶ್ ನಿಂತರೆ ಯಾವುದರಿಂದ ನಿಂತಿತು ಎಂದು ತಿಳಿಯದು, ಮುಂದೆ ಮರುಕಳಿಸಿದಾಗ ಮತ್ತೆ ಮೊದಲಿನಿಂದ ಶುರುಮಾಡಬೇಕು. ಯಾವ ಬದಲಾವಣೆಗೆ ಏನಾಯಿತು ಎಂದು ದಿನಾಂಕ ಹಾಕಿ ಬರೆದಿಡಿ, ಸಂದೇಶಗಳ ಫೋಟೊ ತೆಗೆದಿಡಿ. ಬಯಾಸನ್ನು ಮೂಲ ಸೆಟ್ಟಿಂಗ್‌ಗೆ ತಂದ ಮೇಲೂ ಕುಸಿಯುವ, ಪ್ರೊಸೆಸರ್ ವೇಗ ಇಳಿಸಿದ ಕೂಡಲೇ ನಿಲ್ಲುವ ಕ್ರ್ಯಾಶ್ ಎಂದರೆ ಆ ಚಿಪ್ ತನಗೆ ಹೇಳಿದ ವೇಗದಲ್ಲಿ ನಡೆಯುತ್ತಿಲ್ಲ ಎಂದರ್ಥ. ಬಿಲ್ಲಿನ ಜೊತೆ ಈ ಟಿಪ್ಪಣಿಯನ್ನೂ ಇಟ್ಟುಕೊಂಡು ವಾರಂಟಿ ಕೇಳಲು ಹೋದರೆ, ಫಾರ್ಮ್ಯಾಟ್ ಮಾಡಿ ನೋಡಿ ಎಂದು ನಿಮ್ಮನ್ನು ಹಿಂದಕ್ಕೆ ಕಳಿಸುವುದು ಅಷ್ಟು ಸುಲಭವಲ್ಲ.