ನಾಲ್ಕು ಗದ್ದೆಗಳ ಸಾಕ್ಷ್ಯ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಎಂದೊಡನೆ ಜನರಿಗೆ ನೆನಪಾಗುವುದು ಕಾಲಭೈರವೇಶ್ವರನ ಬಸವ. ಆದರೆ ಆ ಊರು ಒಂದು ಹೋಬಳಿಯ ಕೇಂದ್ರವೂ ಹೌದು. ನಾಡಿನ ಉಳಿದ ಹೋಬಳಿಗಳಂತೆ ಅಲ್ಲಿಯೂ ಭತ್ತದ ಕೊಯ್ಲಿನ ಕಾಲಕ್ಕೆ ಬೆಳೆ ಕಟಾವು ಪ್ರಯೋಗ ಎಂಬುದೊಂದುಂಟು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಕಲಿಯುವ ವಿದ್ಯಾರ್ಥಿ ಒಮ್ಮೆ ಆ ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು.

ಇಡೀ ಬಯಲನ್ನು ಕೊಯ್ದು ತೂಗುವುದು ಆಗದ ಮಾತು. ಆದುದರಿಂದ ಕೆಲವೇ ಗದ್ದೆಗಳನ್ನು ಆರಿಸಿ, ಒಂದೊಂದರಲ್ಲಿಯೂ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಗುರುತಿಸಿ, ಕೊಯ್ದು, ಬಡಿದು, ತೂಗುತ್ತಾರೆ. ಯಾವ ಗದ್ದೆ, ಅದರಲ್ಲಿ ಯಾವ ತುಂಡು ಎಂಬುದನ್ನು ನಿರ್ಧರಿಸುವುದು ಅಧಿಕಾರಿಯ ಕಣ್ಣೂ ಅಲ್ಲ, ರೈತನ ಮಾತೂ ಅಲ್ಲ, ಯಾದೃಚ್ಛಿಕ ಸಂಖ್ಯೆ. ಕಣ್ಣು ಸೊಂಪಾದ ತೆನೆಯ ಕಡೆಗೆ ವಾಲುತ್ತದೆ. ಸಂಖ್ಯೆಗೆ ಆ ಚಪಲವಿಲ್ಲ. ೧೯೨೦ರ ದಶಕದಲ್ಲಿ ಬಿಹಾರ, ಒರಿಸ್ಸಾಗಳ ಭತ್ತದ ಗದ್ದೆಗಳಲ್ಲಿ ಹಬ್ಬ್ಯಾಕ್ ಎಂಬ ಅಧಿಕಾರಿ ಇದರ ಮರ್ಮವನ್ನು ಕಂಡರು. ಮುಂದೆ ಮಹಲನೋಬಿಸ್, ಸುಖಾತ್ಮೆ, ಪಾನ್ಸೆ ಮೊದಲಾದವರು ಈ ವಿದ್ಯೆಯನ್ನು ಬೆಳೆಸಿದರು.

ಈ ತೂಕಕ್ಕೆ ಇಂದು ಹೆಚ್ಚಿನ ಬೆಲೆಯುಂಟು. ೨೦೧೬ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ, ಮುಖ್ಯ ಬೆಳೆಯಾದರೆ ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗಗಳು. ಅವುಗಳ ಸರಾಸರಿ, ಹಿಂದಿನ ವರ್ಷಗಳ ಇಳುವರಿಯಿಂದ ಕಟ್ಟಿದ ಮಟ್ಟಕ್ಕಿಂತ ಕೆಳಗಿಳಿದರೆ ವಿಮೆ ಮಾಡಿಸಿದವರೆಲ್ಲರಿಗೂ ಪರಿಹಾರ. ಇಳಿಯದಿದ್ದರೆ ಯಾರಿಗೂ ಇಲ್ಲ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಗಳ ಮಾತು ಬೇರೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಒಂದು ಪಂಚಾಯಿತಿಯ ನಾಲ್ಕು ತುಂಡುಗಳಲ್ಲಿಯೂ ತಲಾ ೧೨ ಕಿಲೋ ಭತ್ತ. ಇನ್ನೊಂದರಲ್ಲಿ ೧೮, ೧೬, ೧೧, ೩. ಎರಡರ ಸರಾಸರಿಯೂ ೧೨. ಹೆಕ್ಟೇರಿಗೆ ೪,೮೦೦ ಕಿಲೋ. ಕಾಗದದ ಮೇಲೆ ಎರಡೂ ಸಮಾನ ಸುಭಿಕ್ಷ. ಆದರೆ ನಾಲೆಯ ನೀರು ತನ್ನ ತನಕ ಬಾರದೆ ಮೂರು ಕಿಲೋ ಕಂಡ ರೈತನ ಮನೆಯಲ್ಲಿ ಸುಭಿಕ್ಷವೆಲ್ಲಿ? ಇದಕ್ಕಾಗಿಯೇ ಶಾಸ್ತ್ರವು ಸರಾಸರಿಯ ಬೆನ್ನಿಗೇ ವಿಚಲನೆಯನ್ನು ಕಲಿಸುತ್ತದೆ: ಅಂಕಿಗಳು ನಡುವಿನಿಂದ ಎಷ್ಟು ದೂರ ಚದರಿವೆಯೆಂಬ ಲೆಕ್ಕ.

ಹಾಗಾದರೆ ಪ್ರಯೋಗಗಳನ್ನು ಹೆಚ್ಚಿಸೋಣ ಎನ್ನಬಹುದು. ನಾಲ್ಕನ್ನು ಹದಿನಾರು ಮಾಡಿದರೆ ಸರಾಸರಿಯ ಅಂದಾಜಿನ ದೋಷ ಅರ್ಧಕ್ಕಿಳಿಯುತ್ತದೆ; ಇದೂ ಮೊದಲ ವರ್ಷದ ಪಾಠವೇ. ಆದರೆ ಇಳಿಯುವುದು ಅಂದಾಜಿನ ದೋಷವಷ್ಟೆ. ಗದ್ದೆ ಗದ್ದೆಗಳ ನಡುವಣ ಅಂತರ ಇದ್ದಂತೆಯೇ ಇರುತ್ತದೆ. ಪಂಚಾಯಿತಿಯ ಸರಾಸರಿಯನ್ನು ಎಷ್ಟೇ ನಿಖರವಾಗಿ ತಿಳಿದರೂ ಕೊನೆಯ ಗದ್ದೆಯ ಮೂರು ಕಿಲೋ ಹನ್ನೆರಡಾಗದು.

ಪರೀಕ್ಷೆಗೆಂದು ಸೂತ್ರಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಎರಡು ಮಾತುಗಳ ಭೇದವನ್ನು ಅರಿತರೆ ಸಾಕು. ಮುಂದೆ ಅವರಲ್ಲೊಬ್ಬರು ಕಚೇರಿಯ ಮೇಜಿನ ಮುಂದೆ ಕುಳಿತು ಸರಾಸರಿಯ ಕೆಳಗೆ ರುಜು ಹಾಕುವಾಗ, ಆ ನಾಲ್ಕನೆಯ ಗದ್ದೆ ಯಾರದೆಂದು ಒಮ್ಮೆ ವಿಚಾರಿಸಿಯಾರು.