ಹಳದಿ ಫಲಕದ ಜಾಡು ಹಿಡಿದು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಊರು ತಿಪಟೂರಿನ ಬಳಿಯ ಹಳ್ಳಿ. ಓದಿದ್ದು ಏಳನೆಯ ತರಗತಿ, ಅದೂ ಕನ್ನಡದಲ್ಲಿ. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಅಂಟಿನುಂಡೆ, ಹುಟ್ಟಲಿರುವ ಮಗುವಿಗೆಂದು ಮಡಿಸಿಟ್ಟ ಹಳೆಯ ಮೆತ್ತನೆಯ ಪಂಚೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಂವರೆಗೆ ಒಂದು ವಿಮಾನ, ಅಲ್ಲಿಂದ ಮುಂದಕ್ಕೆ ಮತ್ತೊಂದು. ನಡುವೆ ಸಿಗುವುದು ಎರಡೂವರೆ ಗಂಟೆ. ಆಕಾಶದಲ್ಲಿ ರಾತ್ರಿಯೆಲ್ಲ ಕೂರುವುದಕ್ಕೆ ಅವರಿಗೆ ಅಂಜಿಕೆಯಿಲ್ಲ. ಅಂಜಿಕೆ ಇರುವುದು ನೆಲದ ಮೇಲಿನ ಆ ಎರಡೂವರೆ ಗಂಟೆಗೆ. ಕಾಣದ ಊರು, ಬಾರದ ಭಾಷೆ. ದಾರಿ ತಪ್ಪಿದರೆ ಯಾರನ್ನು ಕೇಳುವುದು? ಹೇಗೆ ಕೇಳುವುದು?

ಈ ಅಂಜಿಕೆ ಇಂದು ಕರ್ನಾಟಕದ ಎಷ್ಟೋ ಮನೆಗಳಲ್ಲಿದೆ. ಆದರೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಹುಡುಕಿ, ಬಸ್ಸಿನ ನಂಬರು ನೋಡಿ, ಸರಿಯಾದ ಬಸ್ಸು ಹತ್ತಿದವರು ವಿಮಾನ ನಿಲ್ದಾಣದ ಅರ್ಧ ಪಾಠವನ್ನು ಆಗಲೇ ಕಲಿತಿರುತ್ತಾರೆ. ಉಳಿದರ್ಧವನ್ನು ಹೇಳಿಕೊಡಲೆಂದೇ ಅಲ್ಲಿ ಫಲಕಗಳನ್ನು ತೂಗುಹಾಕಲಾಗಿದೆ.

ಕೆರೆಯ ಅಂಗಳದಲ್ಲಿ ನಿಲ್ದಾಣ

ಆಮ್‌ಸ್ಟರ್‌ಡ್ಯಾಂ ನಗರದ ವಿಮಾನ ನಿಲ್ದಾಣದ ಹೆಸರು ಸ್ಕಿಪೋಲ್. ಅದು ನಿಂತಿರುವುದು ಒಂದು ಕಾಲಕ್ಕೆ ದೊಡ್ಡ ಸರೋವರವಾಗಿದ್ದ ಜಾಗದಲ್ಲಿ. ಡಚ್ಚರು ಪಂಪುಗಳಿಂದ ನೀರನ್ನೆಲ್ಲ ಹೊರಹಾಕಿ 1852ರಲ್ಲಿ ಅದನ್ನು ಬತ್ತಿಸಿದರು. ಇಂದಿಗೂ ಆ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 3 ಮೀಟರ್ ತಗ್ಗಿನಲ್ಲಿದೆ. 2024ರಲ್ಲಿ ಈ ನಿಲ್ದಾಣವನ್ನು ಬಳಸಿದ ಪ್ರಯಾಣಿಕರು 6 ಕೋಟಿ 60 ಲಕ್ಷಕ್ಕೂ ಮಿಕ್ಕಿ. ಕರ್ನಾಟಕದ ಜನಸಂಖ್ಯೆಯಷ್ಟು ಮಂದಿ ಒಂದು ವರ್ಷದಲ್ಲಿ ಒಂದೇ ಛಾವಣಿಯಡಿ ಹಾದುಹೋದಂತೆ.

ಒಂದೇ ಛಾವಣಿ ಎಂಬುದು ಇಲ್ಲಿ ಬರಿಯ ಮಾತಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗಲು ಪುಟ್ಟ ರೈಲು ಹಿಡಿಯಬೇಕಾಗಬಹುದು. ಸ್ಕಿಪೋಲಿನಲ್ಲಿ ಟರ್ಮಿನಲ್ ಒಂದೇ. ಅದರಿಂದ ಕೈಬೆರಳುಗಳಂತೆ ಉದ್ದನೆಯ ಓಣಿಗಳು ಚಾಚಿಕೊಂಡಿವೆ. ವಿಮಾನಗಳು ನಿಲ್ಲುವುದು ಈ ಬೆರಳುಗಳ ಎರಡೂ ಬದಿಗೆ. ಹೆಚ್ಚಿನವರಿಗೆ ವಿಮಾನ ಬದಲಾಯಿಸುವುದೆಂದರೆ ಒಂದು ಬೆರಳಿನಿಂದ ಇನ್ನೊಂದಕ್ಕೆ ನಡೆಯುವುದು, ಅಷ್ಟೇ.

ಬಣ್ಣಕ್ಕೂ ಒಂದು ಅರ್ಥ

ಈಗಿನ ಟರ್ಮಿನಲ್ ತೆರೆದದ್ದು 1967ರಲ್ಲಿ. ಆಗಲೇ ಬೆನ್ನೊ ವಿಸಿಂಗ್ ಎಂಬ ವಿನ್ಯಾಸಕಾರ ಅಲ್ಲಿನ ಫಲಕಗಳಿಗೆ ಒಂದು ಶಿಸ್ತು ತಂದರು. ವಿಮಾನದತ್ತ ಹೋಗುವ ದಾರಿಗೆ ಒಂದು ಬಣ್ಣ, ಉಳಿದ ಸೌಲಭ್ಯಗಳಿಗೆ ಬೇರೆ ಬಣ್ಣ. ಮುಂದೆ ಪಾಲ್ ಮೈಕ್ಸೆನಾರ್ ಈ ಪದ್ಧತಿಯನ್ನು ಇನ್ನಷ್ಟು ತಿದ್ದಿದರು. ಇಂದು ಅಲ್ಲಿ ಹಳದಿ ಫಲಕದ ಮೇಲೆ ಕಪ್ಪಕ್ಷರವಿದ್ದರೆ ಅದು ಪ್ರಯಾಣದ ದಾರಿ. ಶೌಚಾಲಯ, ವಿಶ್ರಾಂತಿ ಮುಂತಾದವುಗಳ ಫಲಕ ಕಡುಬೂದು. ಹಸಿರು ಇರುವುದು ಅಪಾಯದ ಹೊತ್ತಿನಲ್ಲಿ ಹೊರಗೋಡುವ ದಾರಿಗೆ. ಅವಸರದಲ್ಲಿರುವ ಪ್ರಯಾಣಿಕರು ಹಳದಿಯನ್ನು ಮಾತ್ರ ನೋಡಿದರೆ ಸಾಕು.

ಹಳದಿಯೇ ಏಕೆ? ಹಗಲ ಬೆಳಕಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು ಸುಮಾರು 555 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ. ಅದು ಹಳದಿ ಬೆರೆತ ಹಸಿರು. ಶುದ್ಧ ಹಳದಿ ಅದರ ಪಕ್ಕದ ಮನೆಯದು. ಹಳದಿ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಕಪ್ಪು ಬಹುಪಾಲನ್ನು ನುಂಗುತ್ತದೆ. ಹೀಗಾಗಿ ಹಳದಿಯ ಮೇಲಿನ ಕಪ್ಪಕ್ಷರ ದೂರದಿಂದಲೇ ಎದ್ದು ಕಾಣುತ್ತದೆ. ನಮ್ಮ ರೈಲು ನಿಲ್ದಾಣಗಳ ಹೆಸರಿನ ಫಲಕ ಯಾವ ಬಣ್ಣದ್ದು ಎಂದು ನೆನಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ತಿಪಟೂರು ಸ್ಟೇಷನ್ನಿನ ಫಲಕವನ್ನು ಓಡುವ ರೈಲಿನಿಂದ ಓದಿದ ಕಣ್ಣಿಗೆ ಸ್ಕಿಪೋಲಿನ ಫಲಕ ಹೊಸತೇನಲ್ಲ.

ಭಾಷೆ ಬಾರದವರಿಗೆ ಇನ್ನೊಂದು ಆಸರೆ, ಚಿತ್ರಲಿಪಿ. ಅಮೆರಿಕದಲ್ಲಿ 1974ರಲ್ಲಿ ಸಾರಿಗೆ ತಾಣಗಳಿಗೆಂದೇ 34 ಚಿಹ್ನೆಗಳನ್ನು ರೂಪಿಸಲಾಯಿತು. 1979ರಲ್ಲಿ ಅವು 50 ಆದವು. ಮೇಲೇರುವ ವಿಮಾನ ನಿರ್ಗಮನಕ್ಕೆ, ಕೆಳಗಿಳಿಯುವ ವಿಮಾನ ಆಗಮನಕ್ಕೆ, ಪೆಟ್ಟಿಗೆಯ ಚಿತ್ರ ಸಾಮಾನು ಪಡೆಯುವ ಕಡೆಗೆ. ಇಂಥ ಚಿತ್ರಗಳನ್ನು ಇಂದು ದೇವನಹಳ್ಳಿಯಲ್ಲೂ ದುಬೈಯಲ್ಲೂ ಕಾಣಬಹುದು.

ಅಕ್ಷರ, ಅಂಕಿ, ನಿಮಿಷ

ಸ್ಕಿಪೋಲಿನ ಬೆರಳುಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ಪ್ರತಿ ಗೇಟಿಗೂ ಒಂದು ಅಕ್ಷರ, ಒಂದು ಅಂಕಿ. ‘ಇ 18’ ಎಂದರೆ ಮೊದಲು ‘ಇ’ ಬೆರಳನ್ನು ಸೇರಬೇಕು, ಆಮೇಲೆ ಅಂಕಿಗಳನ್ನು ಎಣಿಸುತ್ತ ನಡೆಯಬೇಕು. ಬೀದಿಯ ಹೆಸರು, ಮನೆಯ ನಂಬರು ಇದ್ದಂತೆ. ಆ ಗೇಟಿಗೆ ಎಷ್ಟು ನಿಮಿಷದ ನಡಿಗೆ ಎಂಬುದನ್ನೂ ಅಲ್ಲಲ್ಲಿ ಫಲಕಗಳೇ ಹೇಳುತ್ತವೆ.

ಒಂದು ವಿಚಿತ್ರವೂ ಉಂಟು. ‘ಎಚ್’ ಮತ್ತು ‘ಎಂ’ ಎಂಬ ಎರಡು ಹೆಸರು ಇರುವುದು ಒಂದೇ ಕಟ್ಟಡಕ್ಕೆ. ಕಾರಣ ಷೆಂಗೆನ್ ಒಪ್ಪಂದ. ಒಪ್ಪಂದದಲ್ಲಿರುವ 29 ದೇಶಗಳ ನಡುವೆ ಓಡಾಡುವವರಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆಯಿಲ್ಲ, ಹೊರಗಿನವರಿಗೆ ಉಂಟು. ಇಬ್ಬರೂ ಬೆರೆಯದಂತೆ ದಾರಿಗಳನ್ನು ಬೇರ್ಪಡಿಸಿದ್ದಾರೆ. ಬೆಂಗಳೂರಿನಿಂದ ಬಂದು ಅಮೆರಿಕಕ್ಕೆ ಹೋಗುವವರು ಷೆಂಗೆನ್ ಒಳಕ್ಕೆ ಕಾಲಿಡಬೇಕಾಗಿಲ್ಲ. ಹಾಗಾಗಿ ಈ ತಾಯಿ ಪೆಟ್ಟಿಗೆಯ ಚಿತ್ರದ ಕಡೆಗೋ ‘ಎಕ್ಸಿಟ್’ ಎಂಬ ಫಲಕದ ಕಡೆಗೋ ಹೋಗುವ ಗುಂಪಿನ ಬೆನ್ನು ಹತ್ತಬಾರದು. ಜೊತೆಯಲ್ಲಿ ಇಳಿದವರೆಲ್ಲ ಜೊತೆಯಲ್ಲೇ ಮುಂದಕ್ಕೆ ಹೋಗುವವರಲ್ಲ. ದಾರಿ ತಪ್ಪುವುದು ಬಹುಮಟ್ಟಿಗೆ ಹೀಗೆಯೇ.

ಚೀಟಿಯ ಒಗಟು

ಅಭ್ಯಾಸಕ್ಕೆ ದೇವನಹಳ್ಳಿಯೇ ಒಳ್ಳೆಯ ಶಾಲೆ. 2008ರ ಮೇ ತಿಂಗಳಲ್ಲಿ ಆರಂಭವಾದ ಈ ನಿಲ್ದಾಣದಲ್ಲಿ ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಲ್ಲಿ 2ನೇ ಟರ್ಮಿನಲ್‌ಗೆ ಸ್ಥಳಾಂತರಗೊಂಡವು. ಇಲ್ಲಿ ಫಲಕಗಳಲ್ಲಿ ಕನ್ನಡವಿದೆ. ಗೇಟು ಹುಡುಕುವ ಕ್ರಮವನ್ನು ತಾಯ್ನುಡಿಯಲ್ಲಿ ಒಮ್ಮೆ ಕಲಿತರೆ ಮುಂದೆ ಬದಲಾಗುವುದು ಲಿಪಿ ಮಾತ್ರ.

ಕೈಗೆ ಬರುವ ಬೋರ್ಡಿಂಗ್ ಪಾಸಿನಲ್ಲಿ ಅಂಕಿಗಳ ಜಾತ್ರೆಯೇ ಇರುತ್ತದೆ. ‘24 ಸಿ’ ಎಂಬುದು ವಿಮಾನದೊಳಗಿನ ಆಸನ. ಅದನ್ನೇ ಗೇಟೆಂದು ತಿಳಿದು ಅಲೆಯುವವರುಂಟು. ಮಕ್ಕಳು ಮೊದಲೇ ವಿಮಾನದ ನಂಬರು, ಗೇಟು, ಹತ್ತುವ ಸಮಯ ಈ ಮೂರಕ್ಕೆ ಪೆನ್ನಿನಲ್ಲಿ ಗುರುತು ಹಾಕಿಕೊಟ್ಟರೆ ಮುಕ್ಕಾಲು ಕಷ್ಟ ಕಳೆಯಿತು. ಎರಡನೆಯ ವಿಮಾನದ ಗೇಟು ಚೀಟಿಯಲ್ಲಿ ಅಚ್ಚಾಗಿರದಿರಬಹುದು, ಅಚ್ಚಾಗಿದ್ದರೂ ಬದಲಾಗಬಹುದು. ಕೊನೆಯ ಮಾತು ತೆರೆಯ ಮೇಲಿನದು. ಆದ್ದರಿಂದ ಇಳಿದೊಡನೆ ವಿಮಾನದ ನಂಬರನ್ನು ತೆರೆಯಲ್ಲಿ ಹುಡುಕುವುದೇ ಮೊದಲ ಕೆಲಸ.

ಗಡಿಯಾರದ ಮೋಸ

ಚೀಟಿಯಲ್ಲಿರುವ ಸಮಯ ಯಾವಾಗಲೂ ಆಯಾ ಊರಿನದು. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಆಮ್‌ಸ್ಟರ್‌ಡ್ಯಾಂ ನಮಗಿಂತ ಮೂರೂವರೆ ಗಂಟೆ ಹಿಂದೆ. ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ ಗಂಟೆ. ಬೇಸಿಗೆಯಲ್ಲಿ ಕೈಗಡಿಯಾರ ಮಧ್ಯಾಹ್ನದ 3 ತೋರಿಸಿದರೆ ಅಲ್ಲಿ ಬೆಳಿಗ್ಗೆ 11.30. ಇಳಿದ ಕೂಡಲೇ ಗಡಿಯಾರ ತಿರುಗಿಸಿಕೊಳ್ಳದಿದ್ದರೆ ಸುಮ್ಮನೆ ಗಾಬರಿ. ವಿಮಾನ ಹೊರಡುವ ಸಮಯಕ್ಕಿಂತ ಮೊದಲೇ ಗೇಟು ಮುಚ್ಚುತ್ತದೆ ಎಂಬುದೂ ನೆನಪಿರಲಿ. ನಡುವೆ ಮತ್ತೊಮ್ಮೆ ಭದ್ರತಾ ತಪಾಸಣೆ ಇರಬಹುದು. ಅಮೆರಿಕದ ವಿಮಾನಗಳಿಗೆ ಗೇಟಿನ ಬಳಿ ಪ್ರಶ್ನೆ ಕೇಳುವ ಕ್ರಮವೂ ಉಂಟು. ಎರಡೂವರೆ ಗಂಟೆ ಧಾರಾಳವಾಗಿ ಕಂಡರೂ ಅಂಗಡಿ ನೋಡುವುದನ್ನು ಗೇಟು ಕಂಡ ಮೇಲೆ ಇಟ್ಟುಕೊಳ್ಳುವುದು ಜಾಣತನ.

ಬಾಯಿದ್ದವರು

ಮಂಡಿನೋವು, ವಯಸ್ಸು ಮುಂತಾದ ತೊಂದರೆಯಿಂದ ನಡೆಯಲು ಕಷ್ಟಪಡುವವರಿಗೆ ಐರೋಪ್ಯ ಒಕ್ಕೂಟದ 2006ರ ಕಾಯಿದೆಯಂತೆ ಅಲ್ಲಿನ ನಿಲ್ದಾಣಗಳಲ್ಲಿ ನೆರವು ಉಚಿತ. ಕನಿಷ್ಠ 48 ಗಂಟೆ ಮೊದಲು ವಿಮಾನ ಸಂಸ್ಥೆಗೆ ತಿಳಿಸಿರಬೇಕು. ಕಾಲು ಗಟ್ಟಿಯಿದ್ದು ಭಾಷೆ ಮಾತ್ರ ಬಾರದವರೂ ಗಾಲಿಕುರ್ಚಿ ಕೇಳುವುದುಂಟು. ಹಾಗೆ ಮಾಡಿದರೆ ನಿಜವಾಗಿ ಬೇಕಾದವರು ಕಾಯಬೇಕಾಗುತ್ತದೆ. ಜೊತೆಗೆ ಬಂದು ದಾರಿ ತೋರುವ ಸೇವೆ ಇದೆಯೇ ಎಂದು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಬಹುದು. ಇದಾವುದೂ ಆಗದಿದ್ದರೆ ಒಂದು ತುಂಡು ಕಾಗದ ಸಾಕು. ‘ನನಗೆ ಬರುವುದು ಕನ್ನಡ ಮಾತ್ರ, ಈ ವಿಮಾನಕ್ಕೆ ಹೋಗಬೇಕು, ದಯವಿಟ್ಟು ಗೇಟು ತೋರಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ವಿಮಾನದ ನಂಬರು, ಮಗಳ ಫೋನ್ ನಂಬರು ನಮೂದಿಸಿದ ಚೀಟಿ. ಸಮವಸ್ತ್ರದಲ್ಲಿರುವ ಯಾರಿಗಾದರೂ ಅದನ್ನು ತೋರಿಸಲು ನಾಚಿಕೆ ಬೇಕಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ. ಬಾಯಿಗೆ ಭಾಷೆ ಸಿಗದ ಕಡೆ ಈ ಚೀಟಿಯೇ ಬಾಯಿ.

ಇಷ್ಟು ತಯಾರಿಗೆ ಹಿಡಿಯುವುದು ಮನೆಯ ಜಗಲಿಯಲ್ಲಿ ಕುಳಿತು ಕಳೆಯುವ ಒಂದು ಸಂಜೆ. ಟಿಕೆಟ್ಟಿಗೆ ಲಕ್ಷಗಟ್ಟಲೆ ಸುರಿಯುವ ಮಕ್ಕಳು ಆ ಒಂದು ಸಂಜೆಯನ್ನೂ ತಾಯಿಗೆ ಕೊಡಬೇಕು. ಆಗ ಹಳದಿ ಫಲಕಗಳ ಜಾಡು ಹಿಡಿದು ಅವರು ತಾವೇ ಗೇಟು ಮುಟ್ಟುತ್ತಾರೆ, ಅಂಟಿನುಂಡೆ ಬಾಣಂತಿಯ ಕೈ ಸೇರುತ್ತದೆ.